ಚಾಳೀಸು ಬಳಗ

ಕನ್ನಡಕದ ಅಂಗಡಿಗಳಲ್ಲಿ ಹತ್ತಿರದ ದೃಷ್ಟಿ ನೋಡುವುದಕ್ಕೆಂದು ಒಂದು ಕಾರ್ಡು ಇಟ್ಟಿರುತ್ತಾರೆ. ಮೇಲಿನ ಸಾಲಿನಲ್ಲಿ ದಪ್ಪ ಅಕ್ಷರ, ಕೆಳಗಿಳಿದಂತೆ ಸಣ್ಣದಾಗುತ್ತ ಹೋಗಿ ಕೊನೆಯ ಸಾಲು ಇರುವೆ ಹರಿದ ಹಾಗೆ. ಅದರಲ್ಲಿರುವುದು ಯಾರಿಗೂ ನೋವಾಗದ ಮಾತು. ಬೆಳಗ್ಗೆ ಬೇಗ ಏಳಬೇಕು, ಹಲ್ಲು ಚೆನ್ನಾಗಿ ಉಜ್ಜಬೇಕು, ಅಂಥದ್ದು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ಮನುಷ್ಯ ಆ ಕಾರ್ಡನ್ನು ಡ್ರಾಯರಿಗೆ ತಳ್ಳಿ ತನ್ನದೇ ಒಂದನ್ನು ಅಚ್ಚು ಹಾಕಿಸಿದ್ದ. ಬೀದಿಯವರೆಲ್ಲ ಅವನನ್ನು ಕನ್ನಡಕದಣ್ಣ ಎಂದೇ ಕರೆಯುತ್ತಿದ್ದರು. ಅವನ ಕಾರ್ಡಿನಲ್ಲಿದ್ದದ್ದು ಗಂಭೀರ ಕಾದಂಬರಿಗಳ ಧಾಟಿ ಹಿಡಿದು ಅವನೇ ಬರೆದ ಒಂದು ಪ್ಯಾರಾ: ‘ಮೌನ ಅವನೊಳಗೆ ಇಳಿಯುತ್ತಿರಲಿಲ್ಲ, ಅವನೇ ಮೌನದೊಳಗೆ ಇಳಿಯುತ್ತಿದ್ದ, ಇಳಿಯುವುದೆಂದರೆ ಏರುವುದೇ ಇರಬಹುದೆಂಬ ಗುಮಾನಿಯಲ್ಲಿ.’

ಒಮ್ಮೆ ಒಬ್ಬ ಲಾರಿ ಡ್ರೈವರ್ ಆ ಕಾರ್ಡನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಯ ಸಾಲಿನವರೆಗೂ ಓದಿ ಮುಗಿಸಿ, “ಕಾಣ್ತಾ ಇದೆ, ಆದ್ರೆ ಅರ್ಥ ಆಗ್ತಾ ಇಲ್ಲ. ಪವರ್ ಇನ್ನೊಂಚೂರು ಜಾಸ್ತಿ ಹಾಕಿ ನೋಡ್ತೀರಾ?” ಎಂದು ಕೇಳಿದ. ಕನ್ನಡಕದಣ್ಣನಿಗೆ ಅವನ ಮೇಲೆ ಮರುಕ ಹುಟ್ಟಿತು. ಅವನಿಗೊಂದು ಕನ್ನಡಕ ಮಾಡಿಕೊಟ್ಟು, ಜೊತೆಗೆ ಒಂದು ಕಾದಂಬರಿಯ ಹೆಸರನ್ನೂ ಹೇಳಿ ಕಳಿಸಿದ. ಡ್ರೈವರ್ ಅದನ್ನು ಕಣ್ಣಿಗೆ ಬಿಡುವ ಹನಿಯ ಹೆಸರೆಂದು ತಿಳಿದು ಔಷಧಿ ಅಂಗಡಿಗೆ ಹೋಗಿ ವಿಚಾರಿಸಿದನಂತೆ.

ಹುಟ್ಟುತ್ತಲೇ ಕನ್ನಡಕದಣ್ಣ ಹೀಗಿರಲಿಲ್ಲ. ಅಪ್ಪನ ಕಾಲದ ಅಂಗಡಿ, ಅಪ್ಪನ ಕಾಲದ ಗಿರಾಕಿಗಳು, ದಿನಪತ್ರಿಕೆ ಬಿಟ್ಟರೆ ಬೇರೆ ಓದಿಲ್ಲ, ಇಷ್ಟರಲ್ಲೇ ನಲವತ್ತು ದಾಟಿದ್ದ. ಆಗ ಒಂದು ದಿನ ಕಾಲೇಜಿನ ಮೇಷ್ಟ್ರೊಬ್ಬರು ಮುರಿದ ಕನ್ನಡಕದ ಕಡ್ಡಿ ಹಿಡಿದುಕೊಂಡು ಬಂದರು. ಕಡ್ಡಿ ಕೂರಿಸುವಷ್ಟು ಹೊತ್ತು ಸುಮ್ಮನೆ ಇರಲಾಗದೆ, ನೀವು ಏನು ಓದುತ್ತೀರಿ ಎಂದು ಕೇಳಿದರು. ಪೇಪರ್ ಓದುತ್ತೇನೆ ಎಂದ. ಮೇಷ್ಟ್ರು ನಕ್ಕರು. ದೊಡ್ಡ ನಗುವೇನಲ್ಲ, ತುಟಿಯ ಒಂದು ತುದಿಯಲ್ಲಿ ಬಂದು ಹೋದದ್ದು. ಆದರೆ ಅದು ಕನ್ನಡಕದಣ್ಣನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಮರುದಿನವೇ ಹೋಗಿ ಮೇಷ್ಟ್ರು ಬಾಯಿಮಾತಿನಲ್ಲಿ ಹೇಳಿದ್ದ ಕಾದಂಬರಿಯನ್ನು ಕೊಂಡು ತಂದ.

ಅದನ್ನು ಅವನು ನಿಜವಾಗಿ ಓದಿದ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಗೋಡೆ ಗಡಿಯಾರಗಳಿಗೆ ಕೀಲಿ ಕೊಡುತ್ತ ಮನೆಮನೆ ಸುತ್ತುವ ಒಬ್ಬನ ಕಥೆ. ಕನ್ನಡಕದಣ್ಣ ಅದನ್ನು ಅಂಗಡಿಯ ಮೂಲೆಯಲ್ಲಿ ಕೂತು, ಟೀ ಆರಿ ಕೆನೆಗಟ್ಟುವುದನ್ನೂ ಮರೆತು ಓದಿದ. ಮುಗಿದಾಗ ಏನೋ ಕಳೆದುಕೊಂಡ ಹಾಗೆಯೂ ಏನೋ ಸಿಕ್ಕ ಹಾಗೆಯೂ ಆಗಿ, ಎದುರಿಗೆ ಬಂದ ಮೊದಲ ಗಿರಾಕಿಗೆ ಅದರ ಬಗ್ಗೆ ಹೇಳಿದ. ಗಿರಾಕಿ ಬಾಯಿ ಬಿಟ್ಟುಕೊಂಡು ಕೇಳಿದ. “ಎಷ್ಟು ತಿಳ್ಕೊಂಡಿದೀರಿ ಅಣ್ಣಾ” ಎಂದ. ಎಡವಟ್ಟಾಗಿದ್ದು ಅಲ್ಲಿ. ಓದಿ ಸಿಗುವ ಸುಖಕ್ಕಿಂತ ‘ಓದಿ’ ಎಂದು ಬೇರೆಯವರಿಗೆ ಹೇಳಿ ಸಿಗುವ ಸುಖ ಎಷ್ಟೋ ದೊಡ್ಡದು, ಮೇಲಾಗಿ ಅದಕ್ಕೆ ಕಣ್ಣುರಿಯೂ ಇಲ್ಲ ಎಂಬುದು ಅವನಿಗೆ ಆ ಘಳಿಗೆಯಲ್ಲಿ ಗೊತ್ತಾಗಿಹೋಯಿತು.

ಆಮೇಲೆ ಅವನ ಕೈಗೆ ಸಿಕ್ಕವರು ಬಚಾವಾಗಲಿಲ್ಲ. ಕಣ್ಣಿನ ಯಂತ್ರದ ಮೇಲೆ ಗಲ್ಲ ಇಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ ಕೂತವರು ತಲೆ ಅಲ್ಲಾಡಿಸುವಂತಿಲ್ಲ. ಬಾಯಿ ತೆರೆದರೆ ಗಲ್ಲ ಕದಲುತ್ತದೆ. ಆ ಸ್ಥಿತಿಯಲ್ಲಿ ಅವರ ಕಿವಿಗೆ ಅವನು ಸಾಹಿತ್ಯ ಸುರಿಯುತ್ತಿದ್ದ. ಮುಖ ನೋಡಿದರೆ ಸಾಕು, ಯಾರಿಗೆ ಯಾವ ಪುಸ್ತಕ ಎನ್ನುವುದು ತನಗೆ ಹೊಳೆಯುತ್ತದೆ ಎಂಬ ನಂಬಿಕೆ ಬೇರೆ. ಹೊಸದಾಗಿ ಮದುವೆಯಾದ ಹುಡುಗಿಗೆ ಹದಗೆಟ್ಟ ದಾಂಪತ್ಯದ ಕಾದಂಬರಿ. ಹೃದಯದ ಆಪರೇಶನ್ ಮುಗಿಸಿಕೊಂಡು ಬಂದವರಿಗೆ ಸಾಯುತ್ತಿರುವವನೊಬ್ಬನ ನೆನಪುಗಳು. ಬಸ್ ಕಂಡಕ್ಟರನಿಗೆ ಯಾರೂ ಎಲ್ಲಿಗೂ ಹೋಗದ ಕಥೆ. “ಮೊದಲು ಎಂಟು ದಿನ ತಲೆ ಸುತ್ತುತ್ತೆ, ಆಮೇಲೆ ಅಭ್ಯಾಸ ಆಗುತ್ತೆ” ಎಂದು ಧೈರ್ಯ ಹೇಳುತ್ತಿದ್ದ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಹಾಕಿಸಿಕೊಂಡವರಿಗೂ ಅವನು ಹೇಳುತ್ತಿದ್ದದ್ದು ಅದೇ ಮಾತು. ಹೀಗೆ ಹೇಳುವುದರಲ್ಲೇ ಹೊತ್ತು ಹೋಗುತ್ತಿದ್ದುದರಿಂದ ಓದುವುದಕ್ಕೆ ಪುರಸೊತ್ತು ಕಮ್ಮಿಯಾಯಿತು. ಪತ್ರಿಕೆಯ ವಿಮರ್ಶೆ, ಪುಸ್ತಕದ ಬೆನ್ನಿನ ಮೇಲಿನ ನಾಲ್ಕು ಸಾಲು, ಮೊದಲ ಹತ್ತಿಪ್ಪತ್ತು ಪುಟ, ಇಷ್ಟು ಇದ್ದರೆ ಶಿಫಾರಸಿಗೆ ಧಾರಾಳವಾಯಿತು ಎನ್ನುವ ಹದಕ್ಕೆ ಅವನು ಬಂದಿದ್ದ.

ಮನೆಯಲ್ಲಿ ಮಾತ್ರ ಅವನ ಆಟ ನಡೆಯುತ್ತಿರಲಿಲ್ಲ. ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಉತ್ತರ ಬರದ ಲೆಕ್ಕವನ್ನು ಲೆಕ್ಕ ಎಂದೇ ಒಪ್ಪದವಳು. ಅವಳ ತಾಯಿಯೂ ಅವರ ಜೊತೆಗೇ ಇದ್ದರು. ಅತ್ತೆಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಅದರಲ್ಲೂ ಕೊನೆಯ ಪುಟವನ್ನು ಮೊದಲು ಓದಿ, ಕೊಂದವನು ಯಾರೆಂದು ತಿಳಿದುಕೊಂಡು, ಆಮೇಲೆ ನಿಶ್ಚಿಂತೆಯಿಂದ ಮೊದಲಿನಿಂದ ಶುರು ಮಾಡುವ ಹುಚ್ಚು. ಅಷ್ಟೊಂದು ಹೆಣ ಬಿದ್ದರೂ ಅತ್ತೆ ಒಂದು ಹನಿ ಕಣ್ಣೀರು ಹಾಕಿದವರಲ್ಲ. ಅಳಿಯ ಒಮ್ಮೆ ಅವರನ್ನು ಉದ್ಧಾರ ಮಾಡಲು ಹೋಗಿ ಒಂದು ಗಂಭೀರ ಕೃತಿಯನ್ನು ಕೈಗಿಟ್ಟ. ಅತ್ತೆ ಪದ್ಧತಿಯಂತೆ ಕೊನೆಯ ಪುಟ ಓದಿದರು, ಆಮೇಲೆ ಮೊದಲನೆಯದು. “ಅಳಿಯಂದಿರೇ, ಕೊನೇಲಿ ಇವನು ಕಿಟಕಿ ಹತ್ರ ನಿಂತಿದಾನೆ. ಮೊದಲನೇ ಪುಟದಲ್ಲೂ ಅಲ್ಲೇ ನಿಂತಿದ್ದ. ಮಧ್ಯೆ ಎಲ್ಲಾದ್ರೂ ಕೂತಿದ್ನಾ?” ಎಂದು ಕೇಳಿದರು. ಮಧ್ಯದವರೆಗೆ ಅಳಿಯ ಹೋಗಿರಲಿಲ್ಲ.

ಮನೆಯಲ್ಲಿ ಸಿಗದ ಮರ್ಯಾದೆಯನ್ನು ಹೊರಗೆ ಹುಡುಕಿಕೊಳ್ಳಬೇಕಲ್ಲ, ಹಾಗಾಗಿ ಓದುಬಳಗ ಹುಟ್ಟಿತು. ಭಾನುವಾರ ಬೆಳಗ್ಗೆ ಅಂಗಡಿಯ ಶಟರನ್ನು ಅರ್ಧ ಎತ್ತಿ, ಪ್ಲಾಸ್ಟಿಕ್ ಸ್ಟೂಲುಗಳನ್ನು ಹಾಕಿ, ಪಕ್ಕದ ಹೋಟೆಲಿನಿಂದ ಟೀ ತರಿಸಿ ಕೂರುತ್ತಿದ್ದರು. ಎಲ್ಲರೂ ಚಾಳೀಸು ಬಂದ, ಓದಲು ಕನ್ನಡಕ ಬೇಕಾಗುವ ವಯಸ್ಸಿನವರೇ. ಹೆಂಡತಿ ಅದಕ್ಕೆ ಚಾಳೀಸು ಬಳಗ ಎಂದು ಹೆಸರಿಟ್ಟಳು. ಕಣ್ಣು ಪರೀಕ್ಷೆಯ ಕುರ್ಚಿ, ಹಿಡಿ ಒತ್ತಿದರೆ ಮೇಲೇರುವಂಥದ್ದು, ಮೇಷ್ಟ್ರಿಗೆ ಮೀಸಲು. ಎಲ್ಲರಿಗಿಂತ ಒಂದು ಗೇಣು ಮೇಲೆ ಏರಿಸಿಕೊಂಡು ಅವರು ಮಾತಾಡುತ್ತಿದ್ದರು. ಕಾಲೇಜಿನಲ್ಲಿ ಅವರ ಪಾಠವನ್ನು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಇಲ್ಲಿ ಕೇಳುವ ಕಿವಿಗಳಿದ್ದದ್ದು ಅವರಿಗೆ ಪಥ್ಯವಾಗಿತ್ತು. ಔಷಧಿ ಅಂಗಡಿಯ ಅಕ್ಕ ಬರುತ್ತಿದ್ದದ್ದು, ಭಾನುವಾರ ಮನೆಯಲ್ಲಿದ್ದರೆ ಗಂಡನ ಕಡೆಯ ನೆಂಟರು ಬಂದು ಪುಕ್ಕಟೆ ಗುಳಿಗೆ ಕೇಳುತ್ತಾರೆಂದು. ನಿವೃತ್ತ ಸರ್ವೇಯರ್ ಒಬ್ಬರಿದ್ದರು; ಮನೆ ಒರೆಸುವ ಹೊತ್ತಿಗೆ ಹೆಂಡತಿ ಅವರನ್ನು ಹೊರಗೆ ಅಟ್ಟುತ್ತಿದ್ದಳು. ಐದನೆಯವನು ಮನೆ ಬ್ರೋಕರ್. ಪುಸ್ತಕ ಓದುವವರ ಮನೆಯಲ್ಲಿ ಪುಸ್ತಕ ಬೆಳೆಯುತ್ತದೆ, ಪುಸ್ತಕ ಬೆಳೆದರೆ ಮನೆ ಚಿಕ್ಕದಾಗುತ್ತದೆ ಎನ್ನುವುದು ಅವನ ದೂರದೃಷ್ಟಿ.

ಬಳಗದಲ್ಲಿ ‘ಚೆನ್ನಾಗಿದೆ’ ಎನ್ನುವ ಮಾತು ನಿಷಿದ್ಧ. ಚೆನ್ನಾಗಿರುವುದು ಸೀರೆ, ಕೃತಿಯಲ್ಲ ಎಂದು ಮೇಷ್ಟ್ರು ಅಕ್ಕನಿಗೆ ಮೊದಲ ವಾರವೇ ತಿದ್ದಿದ್ದರು. ಕೃತಿ ಕಾಡಬೇಕು. ಅದರಲ್ಲಿ ತಲ್ಲಣ ಇರಬೇಕು, ಪದರಗಳಿರಬೇಕು, ಲೇಖಕ ಏನನ್ನಾದರೂ ಮುಖಾಮುಖಿಯಾಗಬೇಕು. ಬ್ರೋಕರ್ ಚುರುಕಿನವನು. ಯಾವ ಪುಸ್ತಕಕ್ಕಾದರೂ “ಪದರ ಇದೆ” ಎಂದುಬಿಟ್ಟರೆ ಎಷ್ಟಿದೆ, ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ ಎನ್ನುವುದನ್ನು ಬಲುಬೇಗ ಕಂಡುಕೊಂಡ. ಸರ್ವೇಯರ್ ತಲ್ಲಣವನ್ನು ಇಟ್ಟುಕೊಂಡರು. ಟೀ ಮುಗಿದು ಬಿಸ್ಕತ್ತಿನ ಪುಡಿ ಝಾಡಿಸುವ ಹೊತ್ತಿಗೆ ಪ್ರತಿಯೊಬ್ಬರೂ ಪಕ್ಕದವರಿಗೆ ಒಂದೊಂದು ಪುಸ್ತಕ ಶಿಫಾರಸು ಮಾಡಬೇಕು. ಹೀಗೆ ಶಿಫಾರಸಾದ ಪುಸ್ತಕಗಳು ಒಂದೊಂದೂ ಸುತ್ತು ಹೊಡೆದು ಮೊದಲು ಹೇಳಿದವರ ಹತ್ತಿರವೇ ಬಂದು ನಿಂತದ್ದೂ ಇದೆ.

ಬಳಗಕ್ಕೊಂದು ಕಳೆ ಬರಲಿ ಎಂದು ಕನ್ನಡಕದಣ್ಣ ಐದೂ ಜನಕ್ಕೆ ಒಂದೇ ಥರದ, ಗುಂಡಗಿನ ಕಂದು ಫ್ರೇಮಿನ ಚಾಳೀಸು ಮಾಡಿಸಿದ. ಹೆಂಡತಿ ಬಿಡದೆ ತನ್ನ ತಾಯಿಗೂ ಒಂದು ಸೇರಿಸಿದಳು. ಫ್ರೇಮುಗಳನ್ನೂ ಪವರ್ ಬರೆದ ಚೀಟಿಯನ್ನೂ ಊರಾಚೆಯ ಲೆನ್ಸ್ ಕಾರ್ಖಾನೆಗೆ ಕಳಿಸಿದ. ಅಲ್ಲಿ ಲೆನ್ಸ್ ಕೂರಿಸುವ ಹಳೆಯ ಕೆಲಸಗಾರ ರಜೆ ಹಾಕಿದ್ದ. ಬದಲಿಗೆ ಬಂದವನಿಗೆ ಫ್ರೇಮಿನೊಳಗೆ ಆಗಲೇ ಏನೋ ಹೊಳೆಯುತ್ತಿದ್ದದ್ದು ಕಂಡಿತು. ಅಂಗಡಿಗೆ ಹೊಸ ಫ್ರೇಮು ಬರುವಾಗ ಆಕಾರ ಕೆಡದಿರಲಿ ಎಂದು ಬರೀ ಪ್ಲಾಸ್ಟಿಕ್ಕಿನ ಗಾಜು ಹಾಕಿರುತ್ತಾರೆ. ಅದಕ್ಕೆ ಪವರ್ ಎನ್ನುವುದೇ ಇಲ್ಲ, ಕಿಟಕಿಯ ಗಾಜಿದ್ದ ಹಾಗೆ. ಕೆಲಸ ಮುಗಿದಿದೆ ಎಂದುಕೊಂಡ ಅವನು ಆರೂ ಫ್ರೇಮುಗಳನ್ನು ಬಂದ ಹಾಗೇ ಕಟ್ಟಿ ವಾಪಸು ಕಳಿಸಿದ. ಬಂದ ಮಾಲನ್ನು ಗಾಜು ಅಳೆಯುವ ಯಂತ್ರಕ್ಕೆ ಹಿಡಿದು ಪವರ್ ಸರಿಯಿದೆಯೇ ನೋಡುವುದು ಕನ್ನಡಕದಣ್ಣನ ಕೆಲಸ. ಆದರೆ ಅವನು ಆ ಹೊತ್ತು ಹೊಸ ಕಾದಂಬರಿಯ ಬಗ್ಗೆ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಡಬ್ಬಿಗೆ ಹಾಕಿ ಎಲ್ಲರಿಗೂ ಹಂಚಿಬಿಟ್ಟ.

ಅತ್ತೆ ಅವತ್ತು ಸಂಜೆಯೇ ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. “ಇದರಲ್ಲಿ ಒಂದಕ್ಷರ ಕಾಣಲ್ಲ ಅಳಿಯಂದಿರೇ. ಅಲ್ಲೊಬ್ಬ ಕುತ್ತಿಗೆ ಹಿಚುಕ್ತಾ ಇದಾನೆ, ಯಾರ ಕುತ್ತಿಗೆ ಅಂತ ಗೊತ್ತಾಗ್ತಾ ಇಲ್ಲ” ಎಂದರು. ಅಳಿಯ ಮೂಗು ಮುರಿಯುತ್ತ ಯಂತ್ರಕ್ಕೆ ಹಿಡಿದು ನೋಡಿದ, ಬರೀ ಗಾಜು. ಕಾರ್ಖಾನೆಯವರನ್ನು ಬೈದುಕೊಂಡು, ಅಂಗಡಿಯಲ್ಲಿದ್ದ ಲೆನ್ಸನ್ನೇ ಕೊರೆದು ಕೂರಿಸಿಕೊಟ್ಟ. ಉಳಿದವರಾರೂ ದೂರು ಹೇಳದೆ ಇದ್ದುದರಿಂದ ಅತ್ತೆಯದೊಂದೇ ತಪ್ಪಿರಬೇಕು ಎಂದು ಅದನ್ನು ಅಲ್ಲಿಗೇ ಮರೆತ.

ಆ ತಿಂಗಳ ಕಾದಂಬರಿ ಕನ್ನಡಕದಣ್ಣನ ಆಯ್ಕೆ. ಇಟ್ಟಿಗೆಯಷ್ಟು ದಪ್ಪ, ಒಳಗೆ ಅಕ್ಷರ ಸಾಸಿವೆಗಿಂತ ಸಣ್ಣ. ಬೆನ್ನಿನ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ, ಗಾಜು ಇದ್ದರೂ ಇಲ್ಲದಿದ್ದರೂ ಕೈ ಚಾಚಿ ಹಿಡಿದರೆ ಓದುವ ಹಾಗೆ, ‘ಹಿತ್ತಿಲ ಕತ್ತಲೆಯಲ್ಲಿ ನಿಂತು ಜೀವಮಾನವಿಡೀ ಮೂಕವಾಗಿ ಭಾರ ಹೊತ್ತವಳ ಕಥೆ’ ಎಂದಿತ್ತು. ಮೊದಲ ಪುಟಗಳಲ್ಲಿ ಒಬ್ಬ ಮುದುಕ ದಿನವೂ ಹಿತ್ತಿಲಿಗೆ ಹೋಗಿ ‘ಅವಳ’ ಎದುರು ಕೂತು ತನ್ನ ಕಷ್ಟ ಹೇಳಿಕೊಳ್ಳುತ್ತಾನೆ, ಅವಳು ಉತ್ತರಿಸುವುದಿಲ್ಲ. ಅಷ್ಟನ್ನು ಕನ್ನಡಕದಣ್ಣ ಹಳೆಯ ಕನ್ನಡಕದಲ್ಲಿ ಓದಿದ್ದ.

ವಾರಗಟ್ಟಲೆ ಬಳಗ ಅವಳ ಮೇಲೆ ಚರ್ಚೆ ನಡೆಸಿತು. ಅವಳ ಮೌನವೇ ಈ ಕೃತಿಯ ಭಾಷೆ ಎಂದರು ಮೇಷ್ಟ್ರು, ಕುರ್ಚಿಯನ್ನು ಇನ್ನೊಂದು ಹಿಡಿ ಏರಿಸಿಕೊಂಡು. ಔಷಧಿ ಅಂಗಡಿಯ ಅಕ್ಕನಿಗೆ ತನ್ನ ಅತ್ತೆಯ ನೆನಪಾಯಿತು. ಪಾಪ, ಅವರೂ ಹೀಗೇ ತುಟಿ ಪಿಟಕ್ಕೆನ್ನದೆ ಸಂಸಾರ ಹೊತ್ತರು ಎಂದಳು. ಸರ್ವೇಯರ್, ತನ್ನ ಹೆಂಡತಿಯನ್ನು ತಾನು ಯಾವತ್ತೂ ಹೀಗೆ ನೋಡಲೇ ಇಲ್ಲವಲ್ಲ ಎಂದು ಗುಂಡು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ಹಿತ್ತಿಲು ಎಷ್ಟು ಅಡಿ ಇರಬಹುದು ಎಂದು ಬ್ರೋಕರ್ ಕೇಳಿದ. ಅದನ್ನು ಮೇಷ್ಟ್ರು, ಹೆಣ್ಣಿಗೆ ಸಿಗುವ ಅವಕಾಶದ ಕುರಿತ ಬಹುಮುಖ್ಯ ಪ್ರಶ್ನೆ ಎಂದು ಹೊಗಳಿದರು.

ಕನ್ನಡಕದಣ್ಣ ತಾನೂ ಮುಂದೆ ಓದಲು ಹೊರಟಿದ್ದನ್ನು ಅಲ್ಲಗಳೆಯುವಂತಿಲ್ಲ. ಊಟವಾದ ಮೇಲೆ ಗುಂಡು ಕನ್ನಡಕ ಏರಿಸಿ, ಪುಸ್ತಕವನ್ನು ಎದೆಯ ಮೇಲೆ ನಿಲ್ಲಿಸಿ ಮಲಗುತ್ತಿದ್ದ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಕೆಸರಿನಂತೆ ಕಾಣುತ್ತಿದ್ದವು. ಅದನ್ನು ಅವನು ಕೃತಿಯ ಸಾಂದ್ರತೆ ಎಂದುಕೊಂಡ. ಸುಲಭಕ್ಕೆ ದಕ್ಕುವ ಬರವಣಿಗೆ ಅಲ್ಲ, ಭಾಷೆಯೇ ಕರಗಿಹೋಗುತ್ತದೆ ಎಂದು ಹೆಂಡತಿಗೆ ಹೇಳಿದ. ಅವಳು ತಲೆ ಎತ್ತದೆ, “ಕಣ್ಣು ತೋರಿಸ್ಕೊಳ್ಳಿ” ಎಂದಳು. ಅರಸಿಕತನಕ್ಕೆ ಮದ್ದಿಲ್ಲ ಎಂದುಕೊಂಡು ಅವನು ನಿದ್ದೆಹೋದ.

ಗುಟ್ಟು ರಟ್ಟಾದದ್ದು ಕಾರ್ಖಾನೆಯ ಹಳೆಯ ಕೆಲಸಗಾರ ರಜೆ ಮುಗಿಸಿ ಬಂದ ಮೇಲೆ. ಒಂದು ಮಧ್ಯಾಹ್ನ ಅವನ ಫೋನು ಬಂತು.

“ಅಣ್ಣಾ, ನಿಮ್ಮ ಲೆನ್ಸೆಲ್ಲ ಇಲ್ಲೇ ಕೂತಿವೆ. ಅವೇ, ಗುಂಡು ಫ್ರೇಮಿಂದು. ಫ್ರೇಮೆಲ್ಲಿ?”

“ಫ್ರೇಮು ಆಗ್ಲೇ ಮೂಗಿನ ಮೇಲಿವೆಯಲ್ಲಪ್ಪ, ಎಷ್ಟೋ ದಿನ ಆಯ್ತು.”

“ಬರೀ ಪ್ಲಾಸ್ಟಿಕ್ಕಾ?” ಎಂದ ಆ ಕಡೆಯವನು. “ಮತ್ತೆ ಇಷ್ಟು ದಿನ ಓದಿದ್ದು ಹೇಗೆ ಅವರೆಲ್ಲ?”

ಫೋನು ಇಟ್ಟ ಕನ್ನಡಕದಣ್ಣನಿಗೆ ಮೊದಲು ನಗು ಬಂತು, ಹಿಂದೆಯೇ ಕೆಂಡದಂಥ ಸಿಟ್ಟು. ಕಳ್ಳರು. ಒಂದು ಪುಟ ಬಿಡಿಸಿ ನೋಡದೆ ತನ್ನ ಟೀ ಕುಡಿದು, ತನ್ನ ಬಿಸ್ಕತ್ತು ತಿಂದು, ತನ್ನ ಅಂಗಡಿಯಲ್ಲೇ ಕೂತು ಮೌನದ ಭಾಷೆ ಎನ್ನುತ್ತಾರೆ. ಮುಂದಿನ ಭಾನುವಾರ ಒಬ್ಬೊಬ್ಬರ ಕನ್ನಡಕವನ್ನೂ ಎಲ್ಲರೆದುರು ಯಂತ್ರಕ್ಕೆ ಹಿಡಿದು ಮಾನ ಕಳೆಯುತ್ತೇನೆ ಎಂದು ಅಂಗಡಿಯೊಳಗೇ ಶತಪಥ ಹಾಕಿದ. ಮೇಷ್ಟ್ರ ಮುಖ ಹೇಗೆ ಹುಳ್ಳಗಾಗುತ್ತದೆ ಎನ್ನುವುದನ್ನು ನೆನೆದು ಮೈಯೆಲ್ಲ ಬಿಸಿಯಾಗಿ, ಬೆವರಿದ ಮುಖ ಒರೆಸಿಕೊಳ್ಳಲು ಮೂಗಿನ ಮೇಲಿದ್ದದ್ದನ್ನು ತೆಗೆದ. ಗುಂಡಗಿನದು. ಕಂದು ಬಣ್ಣದ್ದು.

ಯಂತ್ರಕ್ಕೆ ಹಿಡಿದ. ಸೊನ್ನೆ. ತಿರುಗಿಸಿ ಹಿಡಿದ. ಸೊನ್ನೆಯೇ.

ಅಂಗಡಿಗೆ ಬಂದ ಮಗುವಿಗೂ ಕಣ್ಣಲ್ಲಿ ಕಣ್ಣಿಟ್ಟು ಪವರ್ ಹೇಳುವವನು, ತನ್ನ ಕಣ್ಣ ಮುಂದೆ ಏನೂ ಇಲ್ಲದ್ದನ್ನು ಕಾಣದೆ ಹೋಗಿದ್ದ. ಇಂಗು ತಿಂದ ಮಂಗನಂತೆ ಅವನು ಪರೀಕ್ಷೆಯ ಕುರ್ಚಿಯಲ್ಲಿ ಕುಸಿದು ಕೂತ. ಕುರ್ಚಿ ಮೇಷ್ಟ್ರು ಏರಿಸಿಟ್ಟ ಎತ್ತರದಲ್ಲೇ ಇದ್ದುದರಿಂದ ಕಾಲು ನೆಲಕ್ಕೆ ತಾಗಲಿಲ್ಲ.

ಮಾನ ಕಳೆಯುವ ಯೋಚನೆ ಅಲ್ಲಿಗೆ ಬಿದ್ದುಹೋಯಿತು. ಲೆನ್ಸುಗಳನ್ನು ತರಿಸಿಕೊಂಡು, ಮೊದಲು ತನ್ನದಕ್ಕೆ ಕೂರಿಸಿಕೊಂಡು, ಫ್ರೇಮಿನ ತಿರುಪು ಸಡಿಲ ಬಂದಿದೆಯಂತೆ, ಬಿಗಿ ಮಾಡಿಕೊಡುತ್ತೇನೆ ಎಂಬ ನೆಪ ಹೇಳಿಕೊಂಡು ಒಬ್ಬೊಬ್ಬರ ಬಾಗಿಲಿಗೂ ಹೋದ. ಬ್ರೋಕರ್ ಕೊಟ್ಟ ಕನ್ನಡಕ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ಡಬ್ಬಿಯ ಮೇಲಿನ ಅಂಟುಚೀಟಿ ಹಾಗೇ ಇತ್ತು. ಭಾನುವಾರ ಅವನು ಹಾಕಿಕೊಂಡು ಬರುತ್ತಿದ್ದದ್ದು ತನ್ನ ಹಳೆಯದನ್ನೇ ಎನ್ನುವುದನ್ನು ಕನ್ನಡಕದಣ್ಣ ಅಷ್ಟು ದಿನ ಗಮನಿಸಿರಲಿಲ್ಲ. ಸರ್ವೇಯರ್ ಅದನ್ನು ವಾಕಿಂಗಿಗೆ ಹಾಕಿಕೊಳ್ಳುತ್ತಿದ್ದರು. ಬಹಳ ಒಳ್ಳೆಯ ಕನ್ನಡಕ, ದೂರದ ಬಸ್ಸಿನ ಬೋರ್ಡು ಕೂಡ ಸ್ಪಷ್ಟ ಕಾಣುತ್ತದೆ ಎಂದು ಹೊಗಳಿದರು. ಮೇಷ್ಟ್ರು ಮಾತ್ರ ಬಿಚ್ಚಿಕೊಡಲು ಸುತರಾಂ ಒಪ್ಪಲಿಲ್ಲ.

“ಈ ಕನ್ನಡಕ ಬಂದ ಮೇಲೇನೇ ನನ್ನ ಓದು ಹರಿತ ಆಗಿರೋದು. ದಯವಿಟ್ಟು ಮುಟ್ಟಬೇಡಿ” ಎಂದರು.

ಔಷಧಿ ಅಂಗಡಿಯ ಅಕ್ಕ ಕೌಂಟರಿನ ಹಿಂದೆ ಗುಳಿಗೆಯ ಪಟ್ಟಿಗಳನ್ನು ಜೋಡಿಸುತ್ತಿದ್ದಳು. ಗುಂಡು ಕನ್ನಡಕವನ್ನು ತೆಗೆದುಕೊಡುವಾಗ ಸ್ವಲ್ಪ ಅನುಮಾನಿಸಿ, ದನಿ ತಗ್ಗಿಸಿದಳು.

“ಒಂದು ವಿಷಯ ಹೇಳ್ಲಾ ಅಣ್ಣಾ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಏನೂ ಕಾಣಲ್ಲ ಅಂತ ನನಗೆ ಮೊದಲನೇ ದಿನಾನೇ ಗೊತ್ತಾಯ್ತು. ಆದ್ರೆ ನೀವೆಲ್ಲ ಅಷ್ಟು ಚೆನ್ನಾಗಿ ಓದ್ಕೊಂಡು ಬಂದು ಮಾತಾಡ್ತಾ ಇದ್ರಿ. ನನ್ನ ಕಣ್ಣಿಗೇ ಏನೋ ಆಗಿದೆ ಅಂದ್ಕೊಂಡು ಸುಮ್ನಾದೆ. ನೀವು ಹೇಳಿದ್ದನ್ನೇ ನಾನೂ ಹೇಳ್ತಾ ಬಂದೆ.”

ಆಗಲಾದರೂ ಅವನು ನಿಜ ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮೂವತ್ತು ವರ್ಷದ ಅಂಗಡಿ, ಬರೀ ಗಾಜು ಮಾರಿದ ಎಂಬ ಸುದ್ದಿ ಬೀದಿಗೆ ಬಿದ್ದರೆ ಏನು ಗತಿ ಎಂದು ಅದನ್ನು ನುಂಗಿಕೊಂಡು, “ಈಗ ಸರಿಹೋಗುತ್ತೆ ಬಿಡಕ್ಕ” ಎಂದಷ್ಟೇ ಹೇಳಿ ಲೆನ್ಸ್ ಕೂರಿಸಿಕೊಟ್ಟು ಬಂದ.

ಸರಿಹೋದದ್ದೇ ತಪ್ಪಾಯಿತು. ಅಕ್ಕ ಪುಸ್ತಕ ತೆರೆದು ಓದಿಬಿಟ್ಟಳು.

ಆ ಭಾನುವಾರ ಮೇಷ್ಟ್ರು ಕುರ್ಚಿ ಏರಿಸಿಕೊಂಡು, ಅವಳ ಮೌನದಲ್ಲಿ ಅಡಗಿದ ಪ್ರತಿಭಟನೆಯ ಬಗ್ಗೆ ಪೀಠಿಕೆ ಹಾಕುತ್ತಿದ್ದರು. ಅಕ್ಕ ಸ್ಕೂಲಿನ ಹುಡುಗಿಯ ಹಾಗೆ ಕೈ ಎತ್ತಿದಳು.

“ಮೇಷ್ಟ್ರೇ, ಅವಳು ಕತ್ತೆ.”

ಸರ್ವೇಯರಿಗೆ ನೋವಾಯಿತು. “ಹಾಗೆಲ್ಲ ಅನ್ಬಾರ್ದಮ್ಮ. ಪಾಪ, ಅಷ್ಟು ಕಷ್ಟಪಟ್ಟವಳನ್ನ.”

“ನಾನು ಬೈತಾ ಇಲ್ಲ ಸಾರ್. ನಿಜವಾಗ್ಲೂ ಕತ್ತೇನೇ. ನಾಲ್ಕು ಕಾಲಿದೆ, ಬಾಲ ಇದೆ. ಮುದುಕ ಇಟ್ಟಿಗೆ ಹೊರೋಕೆ ಸಾಕ್ಕೊಂಡಿರೋದು. ಎಂಬತ್ತನೇ ಪುಟ ದಾಟಿದ ಮೇಲೆ ಬರುತ್ತೆ, ತೆಗೆದು ನೋಡಿ.”

ಪುಸ್ತಕಗಳು ತೆರೆದುಕೊಂಡವು. ಅಂಟು ಬಿಡದ ಹೊಸ ಬೆನ್ನುಗಳು ಒಂದಾದ ಮೇಲೊಂದು ಲಟಲಟ ಎಂದವು. ಸರ್ವೇಯರ್ ಬೆರಳಿಟ್ಟು ಸಾಲು ಸಾಲಾಗಿ ಓದಿದರು, ಮುಖ ಕೆಂಪಗಾಯಿತು. ಹಿಂದಿನ ವಾರವಷ್ಟೇ ಮನೆಗೆ ಹೋಗಿ ಹೆಂಡತಿಗೆ, ನಿನ್ನ ಬಗ್ಗೆಯೇ ಒಂದು ಕಾದಂಬರಿ ಬಂದಿದೆ ಎಂದು ಹೇಳಿದ್ದರು. ಬ್ರೋಕರ್ ಪುಸ್ತಕದ ಮರೆಯಲ್ಲಿ ನಗು ಅದುಮಿಕೊಂಡ. ನಮ್ಮತ್ತೆಯನ್ನು ಕತ್ತೆಗೆ ಹೋಲಿಸಿದ ಹಾಗಾಯಿತಲ್ಲ ಎಂದು ಅಕ್ಕ ಗೊಣಗಿದಳು. ಮೇಷ್ಟ್ರು ಪುಟವನ್ನು ಮೂಗಿನ ಹತ್ತಿರ ತಂದರು, ಕೈ ಚಾಚಿ ದೂರ ಒಯ್ದರು, ಬೆಳಕಿನ ಕಡೆ ತಿರುಗಿಸಿದರು. ಕೊನೆಗೆ ಮಡಚಿ ತೊಡೆಯ ಮೇಲಿಟ್ಟುಕೊಂಡರು.

“ಕತ್ತೆ ಅಂತ ಬರೆದ ಮಾತ್ರಕ್ಕೆ ಅದು ಕತ್ತೆ ಆಗೋದಿಲ್ಲ” ಎಂದರು, ದನಿ ಒಂದಿಷ್ಟೂ ನಡುಗದೆ. “ನಾನು ಮೊದಲಿಂದ ಹೇಳ್ತಾ ಬಂದಿರೋದು ಅದನ್ನೇ ಅಲ್ವಾ?”

ಬ್ರೋಕರ್ ಪದರ ಇದೆ ಎಂದು ಒಪ್ಪಿಕೊಂಡ. ವಿಷಯ ಅಲ್ಲಿಗೆ ತಣ್ಣಗಾಗುತ್ತಿತ್ತೋ ಏನೋ, ಅಷ್ಟರಲ್ಲಿ ಅಕ್ಕ ಕನ್ನಡಕದಣ್ಣನ ಕಡೆ ತಿರುಗಿ, ಈ ಪುಸ್ತಕ ಹೇಳಿದವರು ನೀವಲ್ಲವೇ, ನಿಮಗೂ ಗೊತ್ತಿರಲಿಲ್ಲವೇ ಎಂದು ಕೇಳಿದಳು. ಅವಳು ಕುಟುಕಲೆಂದು ಕೇಳಿದ್ದಲ್ಲ, ಗೊತ್ತಾಗಲಿ ಎಂದು ಕೇಳಿದ್ದು. ಅದಕ್ಕೇ ಇರಬೇಕು, ಅವನ ಬಾಯಿಂದ ಸುಳ್ಳು ಹೊರಡಲಿಲ್ಲ.

“ನಾನು ಓದಿಲ್ಲ” ಎಂದ.

ಆಮೇಲೆ ಆದದ್ದನ್ನು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಮೇಷ್ಟ್ರು ಕುರ್ಚಿಯಿಂದ ಇಳಿದು ನಿಂತು, ಓದದೆ ಶಿಫಾರಸು ಮಾಡುವುದು ಓದುಗರಿಗೆ ಬಗೆಯುವ ದ್ರೋಹ ಎಂದರು. ನಾವು ನಿಮ್ಮನ್ನು ನಂಬಿ ನಮ್ಮ ಭಾನುವಾರಗಳನ್ನು ಕೊಟ್ಟೆವು ಎಂದರು. ಸರ್ವೇಯರ್, ಇದು ನಿಜವಾದ ತಲ್ಲಣ ಎಂದರು. ಬ್ರೋಕರ್ ಎರಡು ಬೀದಿ ಆಚೆ ತನ್ನ ಕೈಯಲ್ಲಿ ಮಾರಾಟಕ್ಕಿರುವ ಒಂದು ಖಾಲಿ ಮನೆ ಇದೆ, ಹಾಲ್ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ, ಬಳಗ ಅಲ್ಲೇ ಸೇರಬಹುದು ಎಂದು ಸೂಚಿಸಿದ. ಐದು ನಿಮಿಷದೊಳಗೆ ಕನ್ನಡಕದಣ್ಣನನ್ನು ಅವನ ಅಂಗಡಿಯಲ್ಲಿ ಕೂರಿಸಿಕೊಂಡೇ ಅವನ ಬಳಗದಿಂದ ಹೊರಗೆ ಹಾಕಿದರು.

ಮೇಷ್ಟ್ರ ಮೂಗಿನ ಮೇಲೆ ಆಗಲೂ ಇದ್ದದ್ದು ಬರೀ ಗಾಜು. ಒಂದು ಮಾತು ಆಡಿದ್ದರೆ ಸಾಕಿತ್ತು, ಮನುಷ್ಯ ಮತ್ತೆ ತಲೆ ಎತ್ತುತ್ತಿರಲಿಲ್ಲ. ಕನ್ನಡಕದಣ್ಣ ಬಾಯಿ ತೆರೆದ. ಬಾಗಿಲ ಮೇಲಿನ ಅಂಗಡಿಯ ಬೋರ್ಡಿನ ನೆನಪಾಯಿತು. ಬಾಯಿ ಮುಚ್ಚಿಕೊಂಡು, ಶಟರಿಗೆ ತಲೆ ತಾಗೀತು, ಬಗ್ಗಿ ಹೋಗಿ ಎಂದಷ್ಟೇ ಅವರಿಗೆ ಹೇಳಿದ. ಔಷಧಿ ಅಂಗಡಿಯ ಅಕ್ಕ ಕೊನೆಯವಳಾಗಿ ಎದ್ದು, ಬರುತ್ತೇನೆ ಅಣ್ಣಾ ಎಂದು ಹೇಳಿ ಅವರ ಹಿಂದೆಯೇ ಹೋದಳು. ಅವಳಿಗೆ ಮೇಷ್ಟ್ರ ಮೇಲೆ ಗೌರವವೇನೂ ಉಳಿದಿರಲಿಲ್ಲ. ಆದರೆ ಭಾನುವಾರದ ನೆಂಟರು ಬರುವುದು ನಿಂತಿರಲಿಲ್ಲವಲ್ಲ.

ಹೆಂಡತಿಗೆ ಎಲ್ಲವನ್ನೂ ಹೇಳಿಕೊಂಡ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದ. ಅವಳು ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿದಳು. ಮರುದಿನ ಸ್ಟಾಫ್ ರೂಮಿಗೆಲ್ಲ ಕತ್ತೆಯ ಕಥೆ ಗೊತ್ತಾಗಿತ್ತು, ಗಾಜಿನ ಕಥೆಯನ್ನು ಮಾತ್ರ ಅವಳು ಬಾಯಿ ಬಿಡಲಿಲ್ಲ.

ಖಾಲಿಯಾದ ಭಾನುವಾರಗಳಲ್ಲಿ ಕನ್ನಡಕದಣ್ಣ ಆ ಇಟ್ಟಿಗೆಯಂಥ ಪುಸ್ತಕವನ್ನು ಓದಿದ, ಬೇರೆ ಕೆಲಸವಿಲ್ಲದೆ. ಬಹಳಷ್ಟು ಪುಟ ಬೇಸರ ತರಿಸಿತು; ಬೇಸರ ಬಂತು ಎಂದು ಒಪ್ಪಿಕೊಳ್ಳುವುದಕ್ಕೇ ಅವನಿಗೆ ಕೆಲವು ದಿನ ಬೇಕಾಯಿತು. ಮುದುಕ ಮಾತಾಡುತ್ತಾನೆ, ಮಾತಾಡುತ್ತಾನೆ, ಕತ್ತೆ ಕಿವಿ ಅಲ್ಲಾಡಿಸುತ್ತದೆ. ಆದರೆ ಒಂದು ಕಡೆ, ಬೆನ್ನು ಹುಣ್ಣಾದ ಆ ಪ್ರಾಣಿಯನ್ನು ಕೊಳ್ಳಲು ಬಂದವನು ಅದರ ಹಲ್ಲು ನೋಡಲು ಬಾಯಿ ಬಿಡಿಸುತ್ತಾನೆ, ಅದು ಕಚ್ಚದೆ ಸುಮ್ಮನೆ ನಿಂತಿರುತ್ತದೆ. ಅಲ್ಲಿ ಅವನಿಗೆ ಮುಂದಿನ ಸಾಲು ಕಾಣಲಿಲ್ಲ. ಕನ್ನಡಕ ತೆಗೆದು ನೋಡಿದ. ಗಾಜಿನಲ್ಲಿ ತಪ್ಪಿರಲಿಲ್ಲ. ಅದನ್ನು ಯಾರಿಗಾದರೂ ಹೇಳಬೇಕೆನ್ನಿಸಿ ಬಾಗಿಲವರೆಗೆ ಬಂದ. ಹೇಳಲು ಹೋದರೆ ನಾಲಿಗೆಗೆ ಬಂದದ್ದು ಕಾಡುತ್ತದೆ, ತಲ್ಲಣ, ಪದರ, ಅವೇ. ವಾಪಸು ಹೋಗಿ ಕೂತು ಮುಂದಿನ ಪುಟ ತಿರುವಿದ.

ಖಾಲಿ ಮನೆಯಲ್ಲಿ ಬಳಗ ಭರ್ಜರಿಯಾಗಿ ಬೆಳೆಯಿತು. ಮನೆ ಮಾರಾಟವಾದಾಗಲೆಲ್ಲ ಬ್ರೋಕರ್ ಇನ್ನೊಂದಕ್ಕೆ ಸ್ಥಳಾಂತರಿಸುತ್ತಾನೆ, ಸದಸ್ಯರು ಹಿಂದೆಯೇ ಸ್ಟೂಲು ಹೊತ್ತು ಹೋಗುತ್ತಾರೆ. ಆ ಕಾದಂಬರಿಯ ಕತ್ತೆಯ ಬಗ್ಗೆ ಮೇಷ್ಟ್ರು ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿ ಶಾಲು ಹೊದೆಸಿಕೊಂಡು ಬಂದರು. ಗುಂಡು ಕನ್ನಡಕ ಅವರ ಮೂಗಿನ ಮೇಲೆ ಇನ್ನೂ ಇದೆ, ಯಾವತ್ತೂ ಸಡಿಲಾಗಿಲ್ಲ.

ಕನ್ನಡಕದಣ್ಣನ ಅಂಗಡಿಯಲ್ಲಿ ಈಗ ಮೊದಲಿಗಿಂತ ಗಿರಾಕಿ ಹೆಚ್ಚು. ಹೋದರೆ ಪುಸ್ತಕ ಹೇಳುತ್ತಾನೆ ಎಂಬ ಭಯಕ್ಕೆ ಮೇನ್ ರೋಡಿನ ಅಂಗಡಿಗೆ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಹಿಂತಿರುಗಿದ್ದಾರೆ. ಮೊನ್ನೆ ಒಬ್ಬಾಕೆ ಬಂದಿದ್ದಳು, ಪಾಸ್‌ಪೋರ್ಟ್ ಆಫೀಸಿನ ಗುಮಾಸ್ತೆ. ಅವಳಿಗೆ ಮೊದಲ ಚಾಳೀಸು. ಅವನು ಪವರನ್ನು ಯಂತ್ರದಲ್ಲಿ ಒಂದಲ್ಲ ಎರಡು ಸಲ ನೋಡಿ, ಮೂಗಿಗೆ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿದ. ಅವಳು ಕನ್ನಡಿ ನೋಡಿಕೊಂಡು ಖುಷಿಯಾಗಿ, ನಿಮ್ಮ ಬಗ್ಗೆ ಕೇಳಿದ್ದೇನೆ, ಇದನ್ನು ಹಾಕಿಕೊಂಡು ಏನು ಓದಲಿ, ನೀವೇ ಒಂದು ಒಳ್ಳೆಯ ಪುಸ್ತಕ ಹೇಳಿ ಎಂದಳು. ಅವನ ನಾಲಿಗೆ ತುರಿಸಿತು. ಬಹಳ ಹೊತ್ತು ಅವಳ ಮುಖವನ್ನೇ ನೋಡಿದ, ಏನೂ ಹೊಳೆಯಲಿಲ್ಲ.

“ಏನಾದ್ರೂ ಓದಿ” ಎಂದ. “ಕಾಣದಿದ್ರೆ ಮಾತ್ರ ಬಂದು ಹೇಳಿ.”

ಇವರಿಗೆ ಸಾಹಿತ್ಯದ ಗಂಧವೇ ಇಲ್ಲ ಎಂದುಕೊಂಡು ಅವಳು ಕನ್ನಡಕದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು. ಹೊರಗೆ ಬಂದು, ಆ ಭಾನುವಾರ ಬಳಗ ಯಾವ ಮನೆಯಲ್ಲಿ ಸೇರುತ್ತದೆ ಎಂದು ಪಕ್ಕದ ಹೋಟೆಲಿನವನ ಹತ್ತಿರ ವಿಳಾಸ ಕೇಳಿಕೊಂಡು ಹೋದಳು.